ಕೊಂಕು ತಾಗಬೇಕಾದವರಿಗೆ ತಾಗಬೇಕು

ದ್ರೋಹ ಬಗೆದವನಿಗೆ ಒಬ್ಬ ಹೇಳುತ್ತಾನೆ: ‘ಬಹಳ ಉಪಕಾರ ಮಾಡಿದೆ ಗೆಳೆಯಾ, ಏನೆಂದು ಹೇಳಲಿ! ನಿನ್ನ ಸಜ್ಜನಿಕೆ ಚೆನ್ನಾಗಿ ಗೊತ್ತಾಯಿತು. ಹೀಗೇ ಮಾಡುತ್ತ ನೂರು ವರ್ಷ ಸುಖವಾಗಿರು.’ ಸಂಸ್ಕೃತ ಕಾವ್ಯಮೀಮಾಂಸಕ ಮಮ್ಮಟನ ‘ಕಾವ್ಯಪ್ರಕಾಶ’ದಲ್ಲಿ ಉದಾಹರಣೆಯಾಗಿ ಬರುವ ಪದ್ಯದ ಭಾವ ಇದು. ಅವನಿಗಿಂತ ಹಿಂದಿನ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಒಂದು ಪ್ರಾಕೃತ ಗಾಹೆಯನ್ನು, ಅಂದರೆ ಬಿಡಿಪದ್ಯವನ್ನು, ಎತ್ತಿಕೊಳ್ಳುತ್ತಾನೆ. ನದಿ ದಡದ ಪೊದೆಯಲ್ಲಿ ಪ್ರಿಯನನ್ನು ಕಾಣುವ ಹೆಣ್ಣಿಗೆ, ಅಲ್ಲೇ ಸುಳಿದಾಡುವ ಧಾರ್ಮಿಕನೊಬ್ಬನ ಕಾಟ. ‘ಇನ್ನು ನಿಶ್ಚಿಂತೆಯಿಂದ ಓಡಾಡಿ ಸ್ವಾಮಿ, ಆ ನಾಯಿಯನ್ನು ಗೋದಾವರಿ ಪೊದೆಯ ಸಿಂಹ ಕೊಂದುಹಾಕಿತು’ ಎನ್ನುತ್ತಾಳೆ. ನಾಯಿಗೇ ಹೆದರುವವನು ಇನ್ನು ಆ ಕಡೆ ತಲೆ ಹಾಕಿ ಮಲಗುತ್ತಾನೆಯೇ?

ಎರಡರಲ್ಲೂ ಆಡಿದ ಮಾತು ಒಂದು, ಇಂಗಿತ ಅದರ ವಿರುದ್ಧ. ಆದರೂ ಮೊದಲನೆಯದು ಮಾತ್ರ ಕೊಂಕು, ಇವತ್ತಿನ ಬಾಯಲ್ಲಿ ಸರ್ಕ್ಯಾಸಂ. ಕೇಳಿದವನಿಗೆ ಚುಚ್ಚಿದ್ದು ಗೊತ್ತಾಗದಿದ್ದರೆ ಆ ಮಾತು ದಂಡ. ಎರಡನೆಯದರ ಲೆಕ್ಕವೇ ಬೇರೆ: ಧಾರ್ಮಿಕ ಅದನ್ನು ಕಳಕಳಿಯ ಮಾತೆಂದೇ ನಂಬಬೇಕು, ಒಳಗುಟ್ಟು ಓದುಗರಿಗೆ ಮಾತ್ರ ತಿಳಿಯಬೇಕು. ಐರನಿ ಎಂದರೆ ಆಡಿದ ಮಾತಿಗೂ ಇಂಗಿತಕ್ಕೂ ನಡುವಿನ ಈ ಅಂತರ. ಅದನ್ನು ಒಬ್ಬರ ಮೇಲೆ, ಅವರಿಗೆ ನಾಟುವಂತೆ ಪ್ರಯೋಗಿಸಿದಾಗ ಕೊಂಕಾಗುತ್ತದೆ.

ಮಾತೇ ಇಲ್ಲದ ಐರನಿಯೂ ಉಂಟು; ವಿಪರ್ಯಾಸ ಎನ್ನುವುದು ಅದಕ್ಕೇ. ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಎದ್ದಿತು, ನಾಡಿಗೆ ಕರೆಂಟು ಬಂತು. ಅದಕ್ಕಾಗಿ ಮನೆ ಗದ್ದೆ ಬಿಟ್ಟುಕೊಟ್ಟ ಎಷ್ಟೋ ಕುಟುಂಬಗಳು ದಶಕಗಟ್ಟಲೆ ಚಿಮಣಿ ದೀಪದಲ್ಲೇ ಕಳೆದವು. ಇಲ್ಲಿ ಯಾರೂ ಯಾರನ್ನೂ ಚುಚ್ಚುತ್ತಿಲ್ಲ. ಹಿನ್ನೀರಿನ ಊರಿನವರೊಬ್ಬರು ಅಧಿಕಾರಿಯ ಎದುರು ‘ನಮಗ್ಯಾಕೆ ಬಿಡಿ ಸ್ವಾಮಿ ಕರೆಂಟು, ಕಣ್ಣು ಕುಕ್ಕುತ್ತೆ’ ಎಂದರೋ, ಅದೇ ವಿಪರ್ಯಾಸ ಕೊಂಕಾಯಿತು.

ಪತ್ರಿಕೆಗಳಲ್ಲಿ ‘ವಿಪರ್ಯಾಸವೆಂದರೆ’ ಎಂದು ಶುರುವಾಗುವ ವಾಕ್ಯಗಳಲ್ಲಿ ಎಷ್ಟೋ ವಿಪರ್ಯಾಸವಲ್ಲ. ಆ ಜಾಗದಲ್ಲಿ ‘ಬೇಸರದ ಸಂಗತಿ ಎಂದರೆ’ ಹಾಕಿ ಓದಿ; ಏನೂ ಕಳೆದುಹೋಗದಿದ್ದರೆ ಅದು ಬರೀ ದುರದೃಷ್ಟ. ಮದುವೆ ದಿನ ಮಳೆ ಬಂದರೆ ದುರದೃಷ್ಟ. ಮಳೆಗೆ ಹೆದರಿ ಮುಹೂರ್ತ ಮುಂದೆ ಹಾಕಿ, ಬಿಟ್ಟ ದಿನ ಬಿಸಿಲು ಕಾದು, ಹೊಸ ದಿನ ಮಳೆ ಹೊಯ್ದರೆ ವಿಪರ್ಯಾಸ. ಇಲ್ಲಿ ತಪ್ಪಿಸಿಕೊಳ್ಳಲು ಮಾಡಿದ ಉಪಾಯವೇ ತಂದು ಸಿಕ್ಕಿಸಿತು.

ಕೊಂಕಿಗೆ ಮಾತು ತಿರುಗುಮುರುಗು ಆಗಲೇಬೇಕೆಂದೂ ಇಲ್ಲ. ಹಾಲು ಉಕ್ಕಿ ಒಲೆಯೆಲ್ಲ ಆದಮೇಲೆ ಮಗನಿಗೆ ‘ಹಾಲು ಉಕ್ಕಿದ್ದು ನಿನ್ನ ಫೋನಲ್ಲಿ ತೋರಿಸ್ಲಿಲ್ವಾ?’ ಎನ್ನುವ ತಾಯಿ ಯಾವುದನ್ನೂ ಉಲ್ಟಾ ಹೇಳುತ್ತಿಲ್ಲ.

ಕನ್ನಡದಲ್ಲಿ ಕೊಂಕಿಗೆ ಸಿದ್ಧ ಸಲಕರಣೆಗಳಿವೆ. ಚಿಕ್ಕವರಿಗೆ ಬಹುವಚನ: ‘ಸಾಹೇಬ್ರಿಗೆ ಈಗ ಬೆಳಗಾಯ್ತಾ?’ ಇನ್ನೊಂದು, ಕೊನೆಯ ‘ಅಂತೆ’: ‘ಹತ್ತೇ ನಿಮಿಷದಲ್ಲಿ ಬರ್ತಾರಂತೆ.’ ಅವರು ಹೇಳಿದ್ದನ್ನೇ ಅವರ ಮುಂದಿಟ್ಟು, ತಾನು ನಂಬಿಲ್ಲವೆಂದು ತೋರಿಸುವ ವಿಧಾನವಿದು. ಐರನಿ ಎಂದರೆ ಹೀಗೆ ಬೇರೆಯವರ ಮಾತನ್ನೋ ನಂಬಿಕೆಯನ್ನೋ ಪ್ರತಿಧ್ವನಿಸಿ ಕೈಕೊಡವುವುದು ಎಂದು ಭಾಷಾಬಳಕೆಯ ಸಂಶೋಧಕರಾದ ಡಾನ್ ಸ್ಪೆರ್ಬರ್, ಡೆರ್ಡ್ರಾ ವಿಲ್ಸನ್ 1981ರಲ್ಲಿ ವಾದಿಸಿದರು. ನಮ್ಮ ‘ಅಂತೆ’ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಅದೇ ‘ಅಂತೆ’ ಬರೀ ಸುದ್ದಿ ಮುಟ್ಟಿಸುವುದಕ್ಕೂ ಬೇಕು. ಯಾವುದು ಎಂಬುದನ್ನು ಎಳೆದ ದನಿ, ಏರಿದ ಹುಬ್ಬು ಹೇಳಬೇಕು.

ವಾಟ್ಸ್ಆ್ಯಪಿನಲ್ಲಿ ಕೆಡುವುದು ಇಲ್ಲೇ. ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತಿತರರು 2005ರಲ್ಲಿ ಪ್ರಕಟಿಸಿದ ಇ-ಮೇಲ್ ಪ್ರಯೋಗದಲ್ಲಿ, ಮಾತು ಗಂಭೀರವೋ ಕೊಂಕೋ ಎಂಬುದನ್ನು ಓದುವವರು ಸುಮಾರು 78% ಸಲ ಸರಿಯಾಗಿ ಹಿಡಿಯುತ್ತಾರೆ ಎಂದುಕೊಂಡಿದ್ದರು ಬರೆದವರು. ಓದಿದವರು ಹಿಡಿದದ್ದು 56%, ನಾಣ್ಯ ಚಿಮ್ಮಿದ್ದಕ್ಕಿಂತ ಸ್ವಲ್ಪ ಮೇಲು. ಬರೆಯುವಾಗ ನಮ್ಮ ದನಿ ನಮ್ಮ ಕಿವಿಗೆ ಕೇಳುತ್ತಲೇ ಇರುತ್ತದೆ, ಮೆಸೇಜಿನ ಜತೆ ಅದು ಹೋಗುವುದಿಲ್ಲ.

ಹಾಗಾಗಿ ಕಳಿಸುವ ಮುನ್ನ ಅದನ್ನು ವಾರ್ತೆ ಓದುವ ದನಿಯಲ್ಲಿ ಒಮ್ಮೆ ಓದಿಕೊಳ್ಳಿ. ಹೊಗಳಿಕೆಯಂತೆ ಕೇಳಿಸಿದರೆ ಅತ್ತಲಿನವರೂ ಹೊಗಳಿಕೆ ಎಂದೇ ತಿಳಿಯುತ್ತಾರೆ. ಆಗ ಉತ್ಪ್ರೇಕ್ಷೆಯನ್ನು ಯಾರೂ ನಂಬದಷ್ಟು ಏರಿಸಬೇಕು, ಇಲ್ಲವೇ ನೇರವಾಗಿ ಬರೆಯಬೇಕು. ನಗುಮುಖದ ಇಮೋಜಿ ನೆಚ್ಚಿಕೊಳ್ಳಬೇಡಿ. ಹಿರಿಯರಿರುವ ಫ್ಯಾಮಿಲಿ ಗ್ರೂಪಿನಲ್ಲಿ ಅದು ನಿಜವಾದ ನಗುವೇ.