ಬೇಲಿ ಮೊದಲಾ, ಮಡಿ ಮೊದಲಾ?

ಮನೆ ಪಕ್ಕದ ಜಾಗದಲ್ಲಿ ತರಕಾರಿ ಬೆಳೆಯಲು ಹೊರಟವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದಿದೆ. "ಮೊದಲು ಏರುಮಡಿ ಕಟ್ಟಿ ಗಿಡ ಹಾಕ್ತೀವಿ. ಬೇಲಿ ಆಮೇಲೆ ನೋಡ್ಕೊಂಡ್ರೆ ಆಯ್ತು, ಅಲ್ವಾ?"

ಏರುಮಡಿ ಅಂದರೆ ಸುತ್ತ ಚೌಕಟ್ಟು ಕಟ್ಟಿ, ಮಣ್ಣು ತುಂಬಿ ನೆಲಕ್ಕಿಂತ ಎತ್ತರಿಸಿದ ಪಾತಿ. ನನ್ನ ಉತ್ತರ: ಬೇಡ, ಬೇಲಿಯನ್ನೇ ಮೊದಲು ಹಾಕಿ. ದುಡ್ಡು ಸಾಲದಿದ್ದರೆ ನಾಲ್ಕು ಮಡಿಯ ಬದಲು ಎರಡೇ ಕಟ್ಟಿ. ಬೇಲಿಯನ್ನು ಮಾತ್ರ ಮುಂದೂಡಬೇಡಿ.

ಏರುಮಡಿಯ ಮಣ್ಣು ಸಡಿಲವಾಗಿರುತ್ತದೆ, ಗೊಬ್ಬರ ತುಂಬಿರುತ್ತದೆ, ಸದಾ ತೇವ ಇರುತ್ತದೆ. ಗಿಡಕ್ಕೆ ಬೇಕಾದದ್ದೂ ಇದೇ, ಪ್ರಾಣಿಗಳಿಗೆ ಬೇಕಾದದ್ದೂ ಇದೇ. ಕೋಳಿ ಎರೆಹುಳು ಹುಡುಕಿ ಕೆದಕುತ್ತದೆ. ನಾಯಿ ತಂಪು ಜಾಗ ಅಂತ ಅಗೆದು ಮಲಗುತ್ತದೆ. ಬೆಕ್ಕು ಕಕ್ಕಸಿಗೆ ಬರುತ್ತದೆ. ಮೇಕೆಗಂತೂ ಬಗ್ಗುವ ಕಷ್ಟವೂ ಇಲ್ಲ, ಎಲೆ ಬಾಯಿಯ ಮಟ್ಟಕ್ಕೇ ಬಂದು ನಿಂತಿರುತ್ತದೆ. ಬಲಿತ ಗಿಡವಾದರೆ ನಾಲ್ಕು ಕೊಂಬೆ ಹೋದರೂ ಚಿಗುರುತ್ತದೆ. ಎಳೆ ಸಸಿಯನ್ನು ಬುಡದವರೆಗೆ ಮೇದರೆ ಅಲ್ಲಿಗೆ ಮುಗಿಯಿತು.

ಇನ್ನೊಂದು ಕಾರಣ ಅಳತೆ. 4 ಅಡಿ ಅಗಲ, 8 ಅಡಿ ಉದ್ದ, 1 ಅಡಿ ಎತ್ತರದ ಒಂದು ಮಡಿಗೆ 32 ಘನ ಅಡಿ ಮಣ್ಣು ಹಿಡಿಯುತ್ತದೆ. ಒದ್ದೆಯಾದಾಗ ಅದರ ತೂಕ ಹೆಚ್ಚುಕಡಿಮೆ 1 ಟನ್. ಇಷ್ಟಾದ ಮೇಲೆ "ಬೇಲಿ ಕಂಬಕ್ಕೆ ಜಾಗ ಸಾಲದು, ಸ್ವಲ್ಪ ಸರಿಸೋಣ" ಅನ್ನಲು ಆಗುವುದಿಲ್ಲ. ಅದಕ್ಕೇ ಗೂಟ, ಹಗ್ಗ ಹಿಡಿದು ಮೊದಲು ಬೇಲಿಯ ಗೆರೆ ಹಾಕಿ. ಮಡಿಗಳ ಜಾಗವನ್ನು ಅದರೊಳಗೆ ಹುಡುಕಿ.

ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕು. ಸೊಪ್ಪು 4 ಗಂಟೆ ಸಿಕ್ಕರೂ ಬರುತ್ತದೆ. ಮಡಿಯ ಅಗಲ 4 ಅಡಿ ಮೀರಬಾರದು, ಆಗ ಎರಡೂ ಬದಿಯಿಂದ ನಡುವಿನವರೆಗೆ ಕೈ ಎಟುಕುತ್ತದೆ, ಮಣ್ಣು ತುಳಿಯುವುದು ತಪ್ಪುತ್ತದೆ. ಬೇಲಿಗೂ ಮಡಿಗೂ ನಡುವೆ 2 ಅಡಿ ಬಿಡಲೇಬೇಕು. ನೀವು ಓಡಾಡಲು ಅದು ಬೇಕು, ಹೊರಗೆ ನಿಂತ ಮೇಕೆಯ ಬಾಯಿಗೆ ಎಲೆ ಸಿಗದಿರಲೂ ಬೇಕು. ಬೇಲಿಗೇ ಹುರುಳಿಕಾಯಿ ಬಳ್ಳಿ ಹಬ್ಬಿಸುವ ಆಸೆ ಎಲ್ಲರಿಗೂ ಇರುತ್ತದೆ. ಆಚೆ ದನ, ಮೇಕೆ ಓಡಾಡದ ಬದಿಯಲ್ಲಿ ಮಾತ್ರ ಹಬ್ಬಿಸಿ.

ಇನ್ನು ಬೇಲಿಯ ವಿಚಾರ. ಎಷ್ಟು ಎತ್ತರ ಅಂತ ಎಲ್ಲರೂ ಕೇಳುತ್ತಾರೆ. ಎಷ್ಟು ಆಳ ಅಂತ ಕೇಳುವವರು ಕಡಿಮೆ. ಮೊಲ, ನಾಯಿ, ಹೆಗ್ಗಣ ಯಾವುದೂ ಹಾರಿ ಬರುವ ಕಷ್ಟ ತೆಗೆದುಕೊಳ್ಳುವುದಿಲ್ಲ, ಅಡಿಯಿಂದ ತೂರುತ್ತವೆ. ಜಾಲರಿಯ ಕೆಳಗಿನ ಅಂಚನ್ನು ಅರ್ಧದಿಂದ 1 ಅಡಿ ಹೂಳಿ, ತುದಿಯನ್ನು ಹೊರಕ್ಕೆ ಮಡಚಿ. ಬೇಲಿಯ ಬುಡದಲ್ಲಿ ಅಗೆಯಲು ಶುರುಮಾಡಿದ ಪ್ರಾಣಿಗೆ ಮತ್ತೆ ಜಾಲರಿಯೇ ಸಿಗುತ್ತದೆ. ಹಿಂದೆ ಸರಿದು ಅಗೆಯಬೇಕು ಅನ್ನುವ ಬುದ್ಧಿ ಸಾಮಾನ್ಯವಾಗಿ ಅವಕ್ಕೆ ಹೊಳೆಯುವುದಿಲ್ಲ. ಕೆಳಗಿನ 2 ಅಡಿಯಷ್ಟಾದರೂ ಜಾಲರಿಯ ಕಣ್ಣು (ತೂತು) 1 ಇಂಚಿಗಿಂತ ಚಿಕ್ಕದಿರಲಿ, ಮೇಲೆ ದೊಡ್ಡ ಕಣ್ಣಿನದಾದರೂ ನಡೆಯುತ್ತದೆ. ಕೋಳಿ, ಮೇಕೆ ತಡೆಯಲು ಒಟ್ಟು 5 ಅಡಿ ಎತ್ತರ ಬೇಕು. ಜಿಂಕೆ ಬರುವ ಜಾಗವಾದರೆ 7-8 ಅಡಿ.

ಹೆಗ್ಗಣದ ಕಾಟ ಇದ್ದರೆ ಮಡಿಯ ತಳಕ್ಕೂ ಬೇಲಿ ಬೇಕು. ಅರ್ಧ ಇಂಚು ಕಣ್ಣಿನ, ಸತು ಲೇಪಿಸಿದ ಗಟ್ಟಿ ಜಾಲರಿಯನ್ನು ತಳಕ್ಕೆ ಹಾಸಿ, ಚೌಕಟ್ಟಿಗೆ ಮೊಳೆ ಹೊಡೆದು, ಆಮೇಲೆ ಮಣ್ಣು ತುಂಬಿ. ಬೇರು ಅದನ್ನು ದಾಟಿ ಇಳಿಯುತ್ತದೆ, ಹೆಗ್ಗಣ ದಾಟಿ ಮೇಲೆ ಬರಲಾರದು. ಇದನ್ನು ಆಮೇಲೆ ಮಾಡಲು ಸಾಧ್ಯವೇ ಇಲ್ಲ ನೋಡಿ.

ಗೇಟು 3 ಅಡಿ ಅಗಲ ಇರಲಿ, ಗೊಬ್ಬರದ ಕೈಗಾಡಿ ಒಳಗೆ ಬರಬೇಕು. ಗೇಟಿನ ಕೆಳಗೆ ಒಂದು ಹಾಸುಗಲ್ಲು ಹಾಕಿ. ಬೇಲಿ ಎಷ್ಟೇ ಗಟ್ಟಿ ಇರಲಿ, ಗೇಟಿನಡಿಯ ಸಂದು ಬಿಟ್ಟರೆ ಕೆಲಸವೆಲ್ಲ ಸುಮ್ನೆ.

ಕೋತಿಗಳಿದ್ದರೆ ಪಕ್ಕದ ಬೇಲಿ ಸಾಲದು, ಮೇಲೂ ಮುಚ್ಚಬೇಕು. ಕೋತಿಗೆ ಗಟ್ಟಿ ತಂತಿ ಜಾಲರಿಯೇ ಬೇಕು. ಹಕ್ಕಿಗಾದರೆ ಬಲೆ ಸಾಕು, ಆದರೆ ಬಿಗಿಯಾಗಿ ಎಳೆದು ಕಟ್ಟಿ. ಸಡಿಲವಾಗಿ ಜೋತಾಡುವ ನೈಲಾನ್ ಬಲೆಯಲ್ಲಿ ಹಕ್ಕಿ, ಹಾವು ಸಿಕ್ಕಿ ಒದ್ದಾಡಿ ಸಾಯುತ್ತವೆ. ಅದು ಯಾರಿಗೂ ಬೇಡ. ಬಲೆಯ ಕಣ್ಣು ತೀರಾ ಚಿಕ್ಕದಾದರೆ ಜೇನುನೊಣ ಒಳಗೆ ಬರುವುದಿಲ್ಲ. ಟೊಮೆಟೊ, ಹುರುಳಿಕಾಯಿಗೆ ಅದರಿಂದ ದೊಡ್ಡ ತೊಂದರೆ ಇಲ್ಲ. ಕುಂಬಳ, ಹೀರೆ, ಹಾಗಲದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಜೇನು ಬರದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ. ಆಗ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ನೀವೇ ಸವರಬೇಕು, ಕುಂಬಳ, ಹಾಗಲಕ್ಕೆ ಬೆಳಿಗ್ಗೆ, ಸಂಜೆ ಅರಳುವ ಹೀರೆಗೆ ಸಂಜೆ.

ಚೌಕಟ್ಟಿಗೆ ಇಟ್ಟಿಗೆ, ಕಲ್ಲು, ಮರ ಯಾವುದಾದರೂ ಸರಿ. ಹಳೆಯ ರೈಲ್ವೆ ಮರದ ಸ್ಲೀಪರ್ ಮಾತ್ರ ಬೇಡ, ಅದಕ್ಕೆ ಮರ ಕೊಳೆಯದಿರಲಿ ಅಂತ ಕ್ರಿಯೋಸೋಟ್ ಅನ್ನುವ ವಿಷಕಾರಿ ಎಣ್ಣೆ ಕುಡಿಸಿರುತ್ತಾರೆ. ಆರ್ಸೆನಿಕ್ ಇರುವ ಔಷಧಿ ಹಾಕಿದ ಹಳೆಯ ಮರವೂ ತಿನ್ನುವ ಗಿಡದ ಹತ್ತಿರ ಬೇಡ. ಮಣ್ಣಿಗೆ ತಾಗಿದ ಸಾಧಾರಣ ಮರಕ್ಕೆ ಗೆದ್ದಲು ಹಿಡಿಯುತ್ತದೆ, ಕೆಲವು ವರ್ಷಕ್ಕೆ ಬದಲಿಸುವ ಲೆಕ್ಕ ಇಟ್ಟುಕೊಳ್ಳಿ.

ತುಂಬಲು ಅರ್ಧದಷ್ಟು ಮೇಲ್ಮಣ್ಣು, ಉಳಿದದ್ದಕ್ಕೆ ಚೆನ್ನಾಗಿ ಕಳಿತ ಕಾಂಪೋಸ್ಟ್ ಮತ್ತು ಎರೆಗೊಬ್ಬರ. ಹಸಿ ಸಗಣಿ ಹಾಕಬೇಡಿ, ಬೇರು ಸುಡುತ್ತದೆ.

ಒಂದು ಮಾತು ಹೇಳಲೇಬೇಕು. ಏರುಮಡಿ ಎಲ್ಲರಿಗೂ ಬೇಕಿಲ್ಲ. ನೀರು ನಿಲ್ಲುವ ಜಾಗ, ಗಟ್ಟಿ ಜೇಡಿ, ಕಲ್ಲುನೆಲ ಇದ್ದರೆ, ಅಥವಾ ಬಗ್ಗಲು ಕಷ್ಟವಾದರೆ ಅದರಂಥದ್ದು ಬೇರೆ ಇಲ್ಲ. ಆದರೆ ಏರಿಸಿದ ಮಣ್ಣು ಬೇಗ ಒಣಗುತ್ತದೆ. ಮಳೆ ಕಡಿಮೆ, ನೀರಿಗೆ ತತ್ವಾರ ಅನ್ನುವ ಕಡೆ ನೆಲದ ಮಟ್ಟದ ಪಾತಿಯೇ ಒಳ್ಳೆಯದು. ಆದರೂ ಮಡಿ ಏರಿಸಲೇಬೇಕೆಂದರೆ 2 ಇಂಚು ಒಣ ಎಲೆಯ ಹೊದಿಕೆ, ಹನಿ ನೀರಿನ ಪೈಪು ಎರಡೂ ಇರಲಿ. ಬೇಲಿಯ ಅಗತ್ಯವಂತೂ ಅಲ್ಲೂ ಇಷ್ಟೇ ಇದೆ.

"ಬೇಲಿ ಮುಗಿಯುವವರೆಗೆ ಕಾಯಬೇಕಾ?" ಅಂತ ಬೇಸರವಾದರೆ ಬೀಜವನ್ನು ಈಗಲೇ ಟ್ರೇಗೆ ಹಾಕಿ. ಟೊಮೆಟೊ, ಬದನೆ, ಮೆಣಸಿನ ಸಸಿ ನಾಟಿಗೆ ಬರಲು ಹೇಗೂ 4ರಿಂದ 6 ವಾರ ಬೇಕು. ಕಂಬ ನೆಟ್ಟು, ಜಾಲರಿ ಎಳೆದು, ಮಣ್ಣು ತುಂಬಿ ಅದು ಒಂದಿಷ್ಟು ಕೂರಲು ಅಷ್ಟು ಸಮಯ ಸಾಕು.