ಸೈಗಾನ್ ಮಾಳಿಗೆಯ ಮಾದರಿ: ನಾಲ್ಕನೇ ವಾರ

ಡಚ್ ಪತ್ರಿಕಾ ಛಾಯಾಗ್ರಾಹಕ ಹ್ಯೂಬರ್ಟ್ ವಾನ್ ಎಸ್ ವಿಯೆಟ್ನಾಂ ಯುದ್ಧದ ಕೊನೆಗೆ, 1975ರ ಏಪ್ರಿಲ್ 29ರಂದು, ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್‌ನಲ್ಲಿ ತೆಗೆದ, ಊರು ಬಿಡುವ ಜನ ಏಣಿ ಹತ್ತಿ ಮಾಳಿಗೆಯ ಹೆಲಿಕಾಪ್ಟರ್ ಸೇರುವ ಚಿತ್ರವನ್ನು 1:72ರ ಅಳತೆಯಲ್ಲಿ ಕಟ್ಟುವ ನನ್ನ ಕೆಲಸ ಈ ವಾರ ಹೆಲಿಕಾಪ್ಟರ್ ಮುಗಿಸಿ ಕಟ್ಟಡಕ್ಕೆ ಬಂದಿದೆ. ಹೆಚ್ಚು ಕಾಡಿದ್ದು ಏಣಿ. ಬೆಂಕಿಕಡ್ಡಿಯನ್ನು ಬ್ಲೇಡಿನಿಂದ ಸೀಳಿ ಮಾಡಿದ ಮೊದಲ ಏಣಿ, ಎರಡೂಕಾಲು ಸೆಂಟಿಮೀಟರ್ ಎತ್ತರದ ಗೊಂಬೆಗಳ ಪಕ್ಕದಲ್ಲಿ ತೊಲೆಯಂತೆ ಕಂಡಿತು. ಎರಡನೆಯದನ್ನು ತಾಮ್ರದ ತಂತಿಗೆ ಬೆಸುಗೆ ಹಾಕಿ ಮಾಡಿದ್ದೇನೆ.

ಹಲಗೆಗೆ ಅಂಟಿಸಲು 'ಅಮೆರಿಕದ ರಾಯಭಾರ ಕಚೇರಿ' ಎಂದು ಬರೆದಿಟ್ಟಿದ್ದ ಚೀಟಿಯನ್ನು ಹರಿದು ಹಾಕಬೇಕಾಯಿತು. ಅದು ಜಿಯಾ ಲಾಂಗ್ ಬೀದಿಯ 22ನೇ ಸಂಖ್ಯೆಯ ಪಿಟ್‌ಮನ್ ಕಟ್ಟಡ, ಹೆಲಿಕಾಪ್ಟರ್ ಇಳಿದದ್ದು ಅದರ ಲಿಫ್ಟ್ ಕೋಣೆಯ ಮೇಲೆ. ವಾನ್ ಎಸ್ ಅಡಿಬರಹದಲ್ಲಿ ನಗರದ ಒಂದು ಕಟ್ಟಡವೆಂದಷ್ಟೇ ಬರೆದಿದ್ದರೂ ಪತ್ರಿಕೆಗಳು ಅದನ್ನು ರಾಯಭಾರ ಕಚೇರಿಯೆಂದೇ ನಂಬಿದವು. ಮೂವತ್ತು ವರ್ಷಗಳ ನಂತರವೂ ಆತ ಅದನ್ನು ತಿದ್ದುತ್ತಲೇ ಇರಬೇಕಾಯಿತು.

ಕತ್ತಲಕೋಣೆಯಲ್ಲಿದ್ದ ಆತ ಸಹೋದ್ಯೋಗಿಯ ಕೂಗು ಕೇಳಿ, ತಾನು ದುಡಿಯುತ್ತಿದ್ದ ಯುಪಿಐ (ಯುನೈಟೆಡ್ ಪ್ರೆಸ್ ಇಂಟರ್‌ನ್ಯಾಷನಲ್) ಸುದ್ದಿಸಂಸ್ಥೆಯ ಕಚೇರಿಯಲ್ಲಿ ಉಳಿದಿದ್ದ ಅತಿ ಉದ್ದದ ಮಸೂರವನ್ನು, ಅಂದರೆ ಬರೀ 300 ಮಿ.ಮೀ.ನದ್ದನ್ನು, ಹಿಡಿದು ಬಾಲ್ಕನಿಗೆ ಓಡಿ, ಸುಮಾರು ಹತ್ತು ಚಿತ್ರ ತೆಗೆದು, ಮತ್ತೆ ಒಳಗೆ ಹೋಗಿ ಫಿಲ್ಮ್ ತೊಳೆದ. ಐದು-ಏಳು ಇಂಚಿನ ಪ್ರತಿಯೊಂದು ರೇಡಿಯೊ ಮೂಲಕ ಟೋಕಿಯೊ ತಲುಪಲು 12 ನಿಮಿಷ ಬೇಕಿತ್ತು. ಇದೆಲ್ಲ ಒಂದೇ ಬಾಲ್ಕನಿಯಿಂದ ಕಂಡ ನೋಟವಾದ್ದರಿಂದ ಮಾದರಿಯನ್ನೂ ಒಂದೇ ದಿಕ್ಕಿನಿಂದ ನೋಡುವಂತೆ ಇಡಲು ತೀರ್ಮಾನಿಸಿದ್ದೇನೆ. ಹಿಂಬದಿಯ ಗೋಡೆಗೆ ಕಿಟಕಿ ಕೊರೆದ ಎರಡು ಸಂಜೆಗಳು ದಂಡವಾದವು.

ಪಕ್ಕದಲ್ಲಿಡುವ ಪರಿಚಯದ ಹಾಳೆಯೂ ಸಿದ್ಧವಾಗಿದೆ. 1941ರಲ್ಲಿ ಹಿಲ್ವರ್ಸಮ್‌ನಲ್ಲಿ ಹುಟ್ಟಿದ ಆತ ಯುದ್ಧ ಛಾಯಾಗ್ರಾಹಕ ರಾಬರ್ಟ್ ಕಾಪಾನ ಚಿತ್ರಪ್ರದರ್ಶನ ನೋಡಿ ಈ ವೃತ್ತಿಯನ್ನು ಆರಿಸಿಕೊಂಡವನು. 1967ರಲ್ಲಿ ಹಾಂಗ್‌ಕಾಂಗಿಗೆ ಬಂದು, ಅಮೆರಿಕದ ಟಿವಿ ಜಾಲ ಎನ್‌ಬಿಸಿಯ ಧ್ವನಿಮುದ್ರಕನಾಗಿ ವಿಯೆಟ್ನಾಂ ಸೇರಿ, ಎಪಿ ಸುದ್ದಿಸಂಸ್ಥೆಗೂ ಬಳಿಕ ಯುಪಿಐಗೂ ದುಡಿದ. ಸೈಗಾನ್ ಉತ್ತರ ವಿಯೆಟ್ನಾಂ ಪಡೆಗಳ ವಶವಾದ ಮೇಲೂ, ಡಚ್ ಪತ್ರಕರ್ತನೆಂದು ವಿಯೆಟ್ನಾಮೀಸ್‌ನಲ್ಲಿ ಬರೆದ ಪುಟ್ಟ ಪ್ಲಾಸ್ಟಿಕ್ ಬಾವುಟವನ್ನು ಟೋಪಿಗೆ ಸಿಕ್ಕಿಸಿಕೊಂಡು ಬೀದಿಗಿಳಿದು ಚಿತ್ರ ತೆಗೆದ. ಆ ಪ್ರಸಿದ್ಧ ಚಿತ್ರಕ್ಕೆ ಸಿಕ್ಕ ಹೆಚ್ಚುವರಿ ಹಣ 150 ಡಾಲರ್, ಹಕ್ಕು ಯುಪಿಐಯದೇ ಆಗಿತ್ತು. ಜಗತ್ತೆಲ್ಲ ಅಚ್ಚಾದ ಚಿತ್ರಕ್ಕೆ ಇದು ಜುಜುಬಿ ಎಂದೇ ನನಗನಿಸುತ್ತದೆ. 2009ರಲ್ಲಿ ಹಾಂಗ್‌ಕಾಂಗ್‌ನಲ್ಲಿ ತೀರಿಕೊಂಡ.

ಉಳಿದದ್ದು ಜನ. ಮಾಳಿಗೆಯಲ್ಲಿ ಇಪ್ಪತ್ತು ಮೂವತ್ತು ಮಂದಿ ಇದ್ದರು, ಹೆಲಿಕಾಪ್ಟರ್ ಹತ್ತಿದವರು ಹನ್ನೆರಡೋ ಹದಿನಾಲ್ಕೋ. ಪೆಟ್ಟಿಗೆಯಲ್ಲಿ ಬಂದ ಗೊಂಬೆಗಳೆಲ್ಲ ಸೈನಿಕರೇ ಆದ್ದರಿಂದ ಒಂದೊಂದರ ಕೈಯ ಬಂದೂಕನ್ನೂ ಕತ್ತರಿಸಿ, ಆ ಜಾಗಕ್ಕೆ ಎಪಾಕ್ಸಿ ಪುಟ್ಟಿಯ ಕೈಚೀಲ ಅಂಟಿಸುತ್ತಿದ್ದೇನೆ. ಈವರೆಗೆ ಒಂಬತ್ತು ಮುಗಿದಿವೆ.