ಟೈಪ್ ಮಾಡುವಾಗ ಕರ್ಸರ್ ಎಲ್ಲಿಗೆ ಹಾರುತ್ತದೆ ಅನ್ನುವುದನ್ನು ಮೊದಲು ನೋಡಿ

ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡುತ್ತಾ ವಾಕ್ಯದ ಮಧ್ಯದಲ್ಲಿರುವಾಗ ಅಕ್ಷರಗಳು ಇದ್ದಕ್ಕಿದ್ದಂತೆ ಮೂರು ಸಾಲು ಮೇಲೆ ಹೋಗಿ ಕೂರುತ್ತವೆ. ಕೆಲವು ಸಲ ಇಡೀ ಪ್ಯಾರಾ ಸೆಲೆಕ್ಟ್ ಆಗಿ, ಮುಂದೆ ಒತ್ತಿದ ಒಂದೇ ಕೀಗೆ ಪೂರ್ತಿ ಅಳಿಸಿಹೋಗುತ್ತದೆ. ಹಾಗಾದರೆ ಕೈ ತಡೆದು ತಕ್ಷಣ ಕಂಟ್ರೋಲ್ ಮತ್ತು ಝಡ್ ಒತ್ತಿ, ಹೋದದ್ದು ವಾಪಸ್ ಬರುತ್ತದೆ. ವೈರಸ್ ಬಂದಿರಬೇಕು, ಕೀಬೋರ್ಡ್ ಕೆಟ್ಟಿರಬೇಕು ಎಂದು ಖರ್ಚಿಗೆ ಇಳಿಯಬೇಡಿ. ಹೆಚ್ಚಿನ ಸಲ ಇದಕ್ಕೆ ಕಾರಣ ಹೆಬ್ಬೆರಳಿನ ಬುಡ.

ಪರದೆಯ ಮೇಲೆ ಗುರುತುಗಳು ಎರಡು. ಒಂದು ಮೌಸ್ ಪಾಯಿಂಟರ್, ಇನ್ನೊಂದು ಅಕ್ಷರ ಮೂಡುವ ಕಡೆ ಮಿನುಗುವ ಗೆರೆ, ಅಂದರೆ ಕರ್ಸರ್. ಅಂಗೈಯ ಅಂಚು ಕೀಬೋರ್ಡ್ ಕೆಳಗಿನ ಟಚ್‌ಪ್ಯಾಡ್‌ಗೆ ಸೋಕಿದರೆ ಅದನ್ನು ಬೆರಳು ತಟ್ಟಿದಂತೆ ಲೆಕ್ಕ ಹಾಕಿ ಲ್ಯಾಪ್‌ಟಾಪ್ ಕ್ಲಿಕ್ ಮಾಡುತ್ತದೆ, ಗೆರೆ ಪಾಯಿಂಟರ್ ಇದ್ದಲ್ಲಿಗೆ ಹಾರುತ್ತದೆ. ಎರಡು ಸಲ ಸೋಕಿ ಹಾಗೇ ಜರುಗಿದರೆ ಅದು ಎಳೆದಂತೆ. ಪ್ಯಾರಾ ಸೆಲೆಕ್ಟ್ ಆಗುವುದು ಹೀಗೆ.

ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಹತ್ತು ಸಾಲಿನ ಬರಹ ತೆರೆದು ಕಂಟ್ರೋಲ್ ಮತ್ತು ಎಂಡ್ ಒತ್ತಿ ಕೊನೆಗೆ ಹೋಗಿ. ಪಾಯಿಂಟರನ್ನು ಎರಡನೇ ಸಾಲಿನ ಯಾವುದಾದರೂ ಒಂದು ಪದದ ಮೇಲೆ ಬಿಟ್ಟು, ಎಂದಿನ ವೇಗದಲ್ಲಿ ಟೈಪ್ ಮಾಡಿ. ಗೆರೆ ಹಾರಿ ಆ ಪದದ ಆಸುಪಾಸಿಗೇ ಬಂದರೆ ತಪ್ಪು ಟಚ್‌ಪ್ಯಾಡ್‌ದು. ಟೈಪ್ ಮಾಡುವಾಗ ಪಾಯಿಂಟರ್ ಮಾಯವಾಗುತ್ತಿದ್ದರೆ, ವಿಂಡೋಸ್‌ನ ಮೌಸ್ ಪ್ರಾಪರ್ಟೀಸ್‌ನಲ್ಲಿ ಪಾಯಿಂಟರ್ ಆಪ್ಷನ್ಸ್ ತೆರೆದು, ಟೈಪ್ ಮಾಡುವಾಗ ಅದನ್ನು ಮರೆಮಾಡುವ ಟಿಕ್ ತೆಗೆಯಿರಿ. ಕಳ್ಳ ಕಣ್ಣಿಗೆ ಕಾಣಬೇಕಲ್ಲ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಬ್ಲೂಟೂತ್ ಅಂಡ್ ಡಿವೈಸಸ್, ಟಚ್‌ಪ್ಯಾಡ್ ಹೀಗೆ ಹೋಗಿ ಟ್ಯಾಪ್ಸ್ ತೆರೆಯಿರಿ. ಅಲ್ಲಿನ ಸೆನ್ಸಿಟಿವಿಟಿಯನ್ನು ಲೋ ಮಾಡಿ. ಇದು ಪಾಯಿಂಟರ್ ಓಡುವ ವೇಗವಲ್ಲ. ಅರಿವಿಲ್ಲದೆ ಆದ ಸ್ಪರ್ಶವನ್ನು ಎಷ್ಟು ಕಟ್ಟುನಿಟ್ಟಾಗಿ ತಳ್ಳಿಹಾಕಬೇಕು ಅನ್ನುವುದು. ಅಷ್ಟಕ್ಕೂ ನಿಲ್ಲದಿದ್ದರೆ ಒಂದು ಬೆರಳಿನ ಟ್ಯಾಪ್ ಮತ್ತು ಎರಡು ಸಲ ತಟ್ಟಿ ಎಳೆಯುವುದು, ಇವೆರಡರ ಟಿಕ್ ತೆಗೆಯಿರಿ. ಆಮೇಲೆ ಕ್ಲಿಕ್ ಮಾಡಲು ಪ್ಯಾಡನ್ನು ನಿಜವಾಗಿ ಒತ್ತಬೇಕಾಗುತ್ತದೆ. ಎರಡು ದಿನ ಕಿರಿಕಿರಿ ಆಗುತ್ತದೆ, ಆದರೂ ತುಂಬಾ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪರಿಹಾರವಿಲ್ಲ. ಮ್ಯಾಕ್‌ನಲ್ಲಿ ಟ್ರ್ಯಾಕ್‌ಪ್ಯಾಡ್ ಸೆಟ್ಟಿಂಗ್ಸ್‌ನ ಟ್ಯಾಪ್ ಟು ಕ್ಲಿಕ್ ಆಫ್ ಮಾಡಿದರೆ ಇದೇ ಫಲ. ಮೌಸ್ ಬಳಸುವವರು ಮೌಸ್ ಸಿಕ್ಕಿಸಿದಾಗ ಟಚ್‌ಪ್ಯಾಡ್ ಆನ್ ಇರಲಿ ಅನ್ನುವ ಟಿಕ್ಕನ್ನೇ ತೆಗೆದುಬಿಟ್ಟರೆ ಸಾಕು.

ಗೆರೆ ಪಾಯಿಂಟರ್ ಕಡೆ ಹೋಗದೆ ಸಾಲಿನ ಮೊದಲಿಗೋ ಕೊನೆಗೋ ಓಡುತ್ತಿದ್ದರೆ ಕೀಬೋರ್ಡ್ ನೋಡಿ. ನಂಬರ್ ಪ್ಯಾಡ್ ಇರುವ ಲ್ಯಾಪ್‌ಟಾಪ್‌ನಲ್ಲಿ ನಮ್ ಲಾಕ್ ಆಫ್ ಆಗಿದ್ದರೆ 7 ಹೋಮ್ ಆಗುತ್ತದೆ, 1 ಎಂಡ್ ಆಗುತ್ತದೆ. ಮುಂದಿನ ಅಕ್ಷರಗಳನ್ನು ನುಂಗುತ್ತಾ ಹೋದರೆ ಇನ್ಸರ್ಟ್ ಕೀ ಒತ್ತಿಹೋಗಿರುತ್ತದೆ, ಇನ್ನೊಮ್ಮೆ ಒತ್ತಿ.

ಕೈ ತೆಗೆದಿಟ್ಟರೂ ಪಾಯಿಂಟರ್ ತಾನಾಗಿ ಅಲುಗುತ್ತಿದ್ದರೆ ವಿಷಯ ಬೇರೆ. ಮೊದಲು ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಅಲುಗುವುದು ನಿಂತರೆ ಚಾರ್ಜರ್‌ನದೋ ಅರ್ಥಿಂಗ್‌ನದೋ ತೊಂದರೆ. ಅರ್ಥಿಂಗ್ ಸರಿಯಿರುವ ಇನ್ನೊಂದು ಸಾಕೆಟ್‌ನಲ್ಲಿ, ಅದೇ ಲ್ಯಾಪ್‌ಟಾಪ್‌ಗೆ ಹೊಂದುವ ಬೇರೆ ಚಾರ್ಜರ್ ಹಾಕಿ ನೋಡಿ. ಟಚ್‌ಸ್ಕ್ರೀನ್ ಇದ್ದರೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಅದನ್ನು ಡಿಸೇಬಲ್ ಮಾಡಿ ಪರೀಕ್ಷಿಸಿ.

ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ಸಮತಟ್ಟಾದ ಮೇಜಿನ ಮೇಲಿಟ್ಟು ಮೂಲೆಗಳನ್ನು ಮೆಲ್ಲಗೆ ಮುಟ್ಟಿ. ತೊಟ್ಟಿಲಂತೆ ಆಡಿದರೆ, ಟಚ್‌ಪ್ಯಾಡ್ ಉಬ್ಬಿದ್ದರೆ, ಕ್ಲಿಕ್ ಬಿಗಿಯಾಗಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿರುವ ಸಾಧ್ಯತೆ ಹೆಚ್ಚು. ದಯವಿಟ್ಟು ಒತ್ತಿ ಕೂರಿಸಲು ಹೋಗಬೇಡಿ, ಚಾರ್ಜ್ ಕೂಡ ಮಾಡಬೇಡಿ; ಲೀಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು. ಆಫ್ ಮಾಡಿ, ಬ್ಯಾಟರಿ ಬದಲಿಸುವವರ ಬಳಿ ಒಯ್ಯಿರಿ. ಒತ್ತಡ ಇಳಿದ ಮೇಲೆ ಟಚ್‌ಪ್ಯಾಡ್ ತಾನೇ ಸರಿಹೋಗುವುದುಂಟು. ಹಾಗಾಗಿ ಹೊಸ ಪ್ಯಾಡ್ ಹಾಕಿಸಲು ಒಪ್ಪುವ ಮೊದಲು ಹಳೆಯದನ್ನೇ ಒಮ್ಮೆ ನೋಡಲು ಹೇಳಿ.